ಟವರ್ ಇಲ್ಲದ ಏರ್‌ಫೀಲ್ಡಿನಲ್ಲಿ ರೇಡಿಯೋ: ಸರ್ಕ್ಯೂಟ್ ಸೇರುವುದರಿಂದ ಎಂಜಿನ್ ಆರಿಸುವವರೆಗೆ

ಮುಂಬೈಯ ಜುಹುವಿನಲ್ಲಿ ಟವರ್, ಅಂದರೆ ವಿಮಾನಗಳಿಗೆ ಏರಲು ಇಳಿಯಲು ಅನುಮತಿ ಕೊಡುವ ನಿಯಂತ್ರಣ ಕೇಂದ್ರ, ಇದೆ. ಪುಣೆಯ ಲೋಹಗಾಂವದಲ್ಲಿ ವಾಯುಪಡೆಯವರು, ಗೋವಾದ ದಾಬೋಳಿಯಲ್ಲಿ ನೌಕಾಪಡೆಯವರು ಟ್ರಾಫಿಕ್ ನೋಡಿಕೊಳ್ಳುತ್ತಾರೆ. ಆದರೆ ಪುಣೆ, ಮುಂಬೈಯ ಕನ್ನಡದ ಮನೆಗಳಿಂದ ಪೈಲಟ್ ಆಗಲು ಹೊರಟ ಹುಡುಗ ಹುಡುಗಿಯರು ಕಲಿಯಲು ಹೋಗುವುದು ಬಾರಾಮತಿಯಂಥ ತರಬೇತಿ ಮೈದಾನಗಳಿಗೆ. ಅಲ್ಲಿ ವರ್ಷಗಟ್ಟಲೆ ರೇಡಿಯೋದಲ್ಲಿ ಗಾಳಿ, ಟ್ರಾಫಿಕ್ ಹೇಳುತ್ತ ಬಂದವರು ಫ್ಲೈಯಿಂಗ್ ಶಾಲೆಗಳ ಇನ್‌ಸ್ಟ್ರಕ್ಟರುಗಳು ಮತ್ತು ಪೈಲಟ್‌ಗಳೇ. ಅವರು ಕೊಡುವುದು ಮಾಹಿತಿ. ಇಳಿಯಲು ಅನುಮತಿ ಕೊಡುವ ಅಧಿಕಾರ ಅವರಿಗಿಲ್ಲ, ರನ್‌ವೇ ಖಾಲಿ ಇದೆ ಎಂಬ ಹೊಣೆಯೂ ಅವರದಲ್ಲ.

ಈ ವ್ಯತ್ಯಾಸ ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ವ್ಯರ್ಥ. ಟವರ್ ಇಲ್ಲದ ಕಡೆ ರೇಡಿಯೋದ ಕೆಲಸ ಒಂದೇ: ನಿಮ್ಮನ್ನು ಎಂದೂ ನೋಡಿರದ ಇನ್ನೊಬ್ಬ ಪೈಲಟ್ ನಿಮ್ಮ ಮಾತು ಕೇಳಿ, ಸರಿಯಾದ ಕಡೆ ಕತ್ತು ತಿರುಗಿಸಿ, ಆಕಾಶದಲ್ಲಿ ನಿಮ್ಮನ್ನು ಕಣ್ಣಾರೆ ಕಾಣುವಂತೆ ಮಾಡುವುದು. ಪ್ರತಿ ಕಾಲ್ (ರೇಡಿಯೋದಲ್ಲಿ ಹೇಳುವ ಮಾತು) ಕೊಡುವ ಮೊದಲು "ಇದನ್ನು ಕೇಳಿದವನು ಎಲ್ಲಿ ನೋಡುತ್ತಾನೆ?" ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಕಾಲ್ ಸರಿಯಿಲ್ಲ.

ನೆಲದ ಮೇಲೆಯೇ ಮುಗಿಸಬೇಕಾದ ಕೆಲಸ

ಫ್ಲೈಟ್ ಪ್ಲಾನ್, ಎಡಿಸಿ (ವಾಯುರಕ್ಷಣೆಯವರ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರುಗಳ ಜೊತೆಗೆ ಹೋಗುವ ಮೈದಾನದ ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ತತ್ಕಾಲದ ಸೂಚನೆ, ನೋಡಿ. ಟವರ್ ಇಲ್ಲದ ಕಡೆ ತಾತ್ಕಾಲಿಕ ಟವರ್ ಬಂದಿರಬಹುದು, ಫ್ರೀಕ್ವೆನ್ಸಿ ಬದಲಾಗಿರಬಹುದು, ರನ್‌ವೇ ಪಕ್ಕದಲ್ಲಿ ಕಾಮಗಾರಿ ನಡೆದಿರಬಹುದು. ಮೊಣಕಾಲಿನ ಮೇಲಿನ ಹಾಳೆಯಲ್ಲಿ ಐದು ಸಂಗತಿ ದೊಡ್ಡ ಅಕ್ಷರದಲ್ಲಿರಲಿ: ಫ್ರೀಕ್ವೆನ್ಸಿ, ಮೈದಾನದ ಎತ್ತರ, ರನ್‌ವೇ ಸಂಖ್ಯೆಗಳು, ಸರ್ಕ್ಯೂಟ್ ಎಡಕ್ಕೋ ಬಲಕ್ಕೋ, ಸರ್ಕ್ಯೂಟಿನ ಎತ್ತರ. ಸರ್ಕ್ಯೂಟ್ ಎಂದರೆ ರನ್‌ವೇ ಸುತ್ತ ಹಾರುವ ಆಯತಾಕಾರದ ದಾರಿ: ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹೋಗುವುದು ಡೌನ್‌ವಿಂಡ್, ಅಡ್ಡ ತಿರುಗುವುದು ಬೇಸ್, ರನ್‌ವೇಯ ನೇರಕ್ಕೆ ಬಂದು ಇಳಿಯುವುದು ಫೈನಲ್. ಬೇರೆ ಸೂಚನೆ ಇಲ್ಲದಿದ್ದರೆ ಸರ್ಕ್ಯೂಟ್ ಎಡಕ್ಕೆ. ಲಘು ವಿಮಾನಗಳಿಗೆ ಸಾಮಾನ್ಯವಾಗಿ ಮೈದಾನದಿಂದ 1000 ಅಡಿ ಎತ್ತರ.

ಲೆಕ್ಕಕ್ಕೆ ಮೈದಾನ ಸಮುದ್ರಮಟ್ಟದಿಂದ 1900 ಅಡಿ ಮೇಲಿದೆ ಎಂದಿಟ್ಟುಕೊಳ್ಳಿ. ನಿಜವಾದ ಸಂಖ್ಯೆ ಚಾರ್ಟಿನಲ್ಲಿರುತ್ತದೆ. ಆಗ ಸರ್ಕ್ಯೂಟ್ 2900 ಅಡಿ, ಓವರ್‌ಹೆಡ್ (ಮೈದಾನದ ನೆತ್ತಿಯ ಮೇಲೆ, ನೆಲದಿಂದ 2000 ಅಡಿ) 3900 ಅಡಿ. ಈ ಕೂಡಿಕೆಯನ್ನು ನೆಲದ ಮೇಲೆಯೇ ಮಾಡಿ ಬರೆದಿಡಿ, ಮೇಲೆ ಹೋದ ಮೇಲೆ ಗಣಿತ ಕೈಕೊಡುತ್ತದೆ.

ಗಾಳಿಯ ಒತ್ತಡ ಅಳೆದು ಎತ್ತರ ತೋರಿಸುವ ಆಲ್ಟಿಮೀಟರ್ ವಿಷಯದಲ್ಲಿ ಉದಾಸೀನ ಬೇಡ. ದಖ್ಖನಿನಲ್ಲಿ ಗಾಳಿಯ ಒತ್ತಡ ಬೆಳಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ ಇಳಿದಿರುತ್ತದೆ. ಈ ದಿನನಿತ್ಯದ ಏರಿಳಿತವೇ ಕೆಲವು ಹೆಕ್ಟೋಪಾಸ್ಕಲ್ ಇರುತ್ತದೆ, ಒಂದು ಹೆಕ್ಟೋಪಾಸ್ಕಲ್ ಎಂದರೆ ಸುಮಾರು 28 ಅಡಿ. ಬೆಳಗಿನ ಕ್ಯೂಎನ್‌ಎಚ್ (ಆಲ್ಟಿಮೀಟರಿಗೆ ಹಾಕುವ ಒತ್ತಡದ ಸಂಖ್ಯೆ) ಇಟ್ಟುಕೊಂಡು ಸಂಜೆ ಬಂದವನೂ ಈಗಷ್ಟೇ ಸರಿಮಾಡಿಕೊಂಡು ಹೊರಟವನೂ "ನಾನು 2900 ಅಡಿ" ಎಂದೇ ಹೇಳುತ್ತಾರೆ, ಇಬ್ಬರ ನಡುವೆ ನೂರು ಅಡಿ ವ್ಯತ್ಯಾಸವಿರುತ್ತದೆ. ಕ್ಯೂಎನ್‌ಎಚ್ ಕೊಡುವವರು ಯಾರೂ ಇಲ್ಲದಿದ್ದರೆ, ಹೊರಡುವ ಮುನ್ನ ಆಲ್ಟಿಮೀಟರ್ ಮೈದಾನದ ಎತ್ತರ ತೋರಿಸುವಂತೆ ತಿರುಪು ತಿರುಗಿಸಿ. ಆಲ್ಟಿಮೀಟರಿನ ಸಣ್ಣ ಕಿಟಕಿಯಲ್ಲಿ ಕಾಣುವ ಸಂಖ್ಯೆಯೇ ನಿಮ್ಮ ಕ್ಯೂಎನ್‌ಎಚ್.

ರೇಡಿಯೋ ಪರೀಕ್ಷೆ ಹೀಗೆ: ಹೆಡ್‌ಸೆಟ್ಟಿನ ಎರಡೂ ಪ್ಲಗ್ ಪೂರ್ತಿ ಒಳಗೆ ಹೋಗಿವೆಯೇ ಕೈಯಿಂದ ಒತ್ತಿ ನೋಡಿ. ದಪ್ಪನೆಯದು ಕಿವಿಗೆ, ತೆಳ್ಳನೆಯದು ಮೈಕಿಗೆ. ತೆಳ್ಳನೆಯದು ಸಡಿಲವಾಗಿದ್ದರೆ ನಿಮಗೆ ಎಲ್ಲರೂ ಕೇಳಿಸುತ್ತಾರೆ, ನೀವು ಮಾತ್ರ ಯಾರಿಗೂ ಕೇಳಿಸುವುದಿಲ್ಲ. ಬರೀ ಗದ್ದಲವನ್ನು ತಡೆಯುವ ಸ್ಕ್ವೆಲ್ಚ್ ತೆಗೆದು ಸರ್‌ ಎಂಬ ಸದ್ದು ಬರುವಂತೆ ಮಾಡಿ, ಅದರ ಮೇಲೆ ವಾಲ್ಯೂಮ್ ಹೊಂದಿಸಿ, ಮತ್ತೆ ಸ್ಕ್ವೆಲ್ಚ್ ಹಾಕಿ. ಆಡಿಯೋ ಪ್ಯಾನೆಲ್ಲಿನಲ್ಲಿ ಮಾತಾಡುವ ರೇಡಿಯೋ ಮತ್ತು ಕೇಳುವ ರೇಡಿಯೋ ಒಂದೇ ಎಂದು ಖಚಿತ ಮಾಡಿಕೊಳ್ಳಿ. ಕಾಮ್ ಒಂದು ಎಂಬ ರೇಡಿಯೋದಲ್ಲಿ ಮೈದಾನದ ಫ್ರೀಕ್ವೆನ್ಸಿ ಇಟ್ಟು ಕಾಮ್ ಎರಡರಲ್ಲಿ ಮಾತಾಡುವುದು ಕಲಿಯುವವರಲ್ಲಿ ತೀರ ಸಾಮಾನ್ಯ ತಪ್ಪು. ರೆಕ್ಕೆಯ ದೀಪ, ಲ್ಯಾಂಡಿಂಗ್ ಲೈಟ್ ಹಾಕಿ. ವಿಮಾನದ ಗುರುತು, ಎತ್ತರ ಕಳಿಸುವ ಟ್ರಾನ್ಸ್‌ಪಾಂಡರ್ ಆಲ್ಟ್ ಸ್ಥಾನದಲ್ಲಿರಲಿ. ಎದುರಿಗೆ ಬರುವ ಜೆಟ್ಟಿನ ಟಿಕಾಸ್ (ಡಿಕ್ಕಿ ತಪ್ಪಿಸುವ ಯಂತ್ರ) ಕಣ್ಣಿಗೆ ನೀವು ಕಾಣುವುದು ಅದರಿಂದಲೇ.

ಕಾಲ್ ಕಟ್ಟುವ ಬಗೆ

ವಿಮಾನದ ರೇಡಿಯೋ ಬಳಸುವ ಪರವಾನಗಿಯಾದ ಆರ್‌ಟಿಆರ್‌ನ ಮೌಖಿಕ ಪರೀಕ್ಷೆಗೆ ಮಕ್ಕಳು ಉರುಹೊಡೆಯುವುದು ಹೆಚ್ಚಾಗಿ ಎಟಿಸಿ, ಅಂದರೆ ಟವರಿನವರ, ಜೊತೆಗಿನ ಸಂಭಾಷಣೆ: ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಇಲ್ಲಿ ಎದುರುತ್ತರ ಬರುವುದಿಲ್ಲ. ಆದ್ದರಿಂದ ಅಚ್ಚು ಬೇರೆ: ಯಾರಿಗೆ, ಯಾರು (ಕಾಲ್‌ಸೈನ್, ಅಂದರೆ ವಿಮಾನದ ನೋಂದಣಿ ಅಕ್ಷರಗಳು), ಯಾವ ವಿಮಾನ, ಎಲ್ಲಿ, ಎಷ್ಟು ಎತ್ತರ, ಏನು ಮಾಡುತ್ತೀರಿ, ಕೊನೆಗೆ ಮತ್ತೊಮ್ಮೆ ಮೈದಾನದ ಹೆಸರು. ಹತ್ತು ಮೈಲಿ ದೂರದಿಂದ ಕೊಡುವ ಮೊದಲ ಕಾಲ್ ಹೀಗಿರುತ್ತದೆ:

"ಬಾರಾಮತಿ ಟ್ರಾಫಿಕ್, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ, ಸೆಸ್ನಾ ವನ್ ಸೆವೆಂಟಿ ಟೂ, ವನ್ ಝೀರೋ ಮೈಲ್ಸ್ ನಾರ್ತ್‌ವೆಸ್ಟ್, ಟ್ರೀ ಟೌಸಂಡ್ ನೈನರ್ ಹಂಡ್ರೆಡ್ ಫೀಟ್, ಇನ್‌ಬೌಂಡ್ ಟು ಜಾಯಿನ್ ಓವರ್‌ಹೆಡ್, ಎಸ್ಟಿಮೇಟಿಂಗ್ ಓವರ್‌ಹೆಡ್ ಅಟ್ ಫೋರ್ ಟೂ, ಬಾರಾಮತಿ."

ಹೆಸರನ್ನು ಎರಡು ಸಲ ಹೇಳುವುದಕ್ಕೆ ಕಾರಣವಿದೆ. ವಿಮಾನದ ರೇಡಿಯೋ ಬಳಸುವ ವಿಎಚ್‌ಎಫ್ ತರಂಗ ಕಣ್ಣಿನ ದೃಷ್ಟಿಯಂತೆ ನೇರ ಸಾಗುತ್ತದೆ, ಎತ್ತರ ಏರಿದಷ್ಟೂ ದೂರ ಮುಟ್ಟುತ್ತದೆ. 3000 ಅಡಿಯಲ್ಲಿರುವ ವಿಮಾನದ ಮಾತು ನೆಲಕ್ಕೆ ಸುಮಾರು 67 ನಾಟಿಕಲ್ ಮೈಲಿ, ಅಂದರೆ 124 ಕಿಲೋಮೀಟರ್ ದೂರ ಕೇಳಿಸಬಲ್ಲದು. ಅದೇ ಎತ್ತರದ ಇನ್ನೊಂದು ವಿಮಾನಕ್ಕೆ ಅದರ ಎರಡರಷ್ಟು. ಒಂದೇ ಫ್ರೀಕ್ವೆನ್ಸಿ ಬಳಸುವ ಬೇರೆ ಊರಿನ ಮೈದಾನದ "ಟರ್ನಿಂಗ್ ಬೇಸ್" ನಿಮ್ಮ ಕಿವಿಗೆ ಬಿದ್ದೀತು. ಮೊದಲ ಪದ ಗುಂಡಿ ಒತ್ತುವ ಅವಸರದಲ್ಲಿ ಕತ್ತರಿಸಿ ಹೋಗುವುದು ಮಾಮೂಲು, ಕೊನೆಯ ಪದ ಉಳಿಯುತ್ತದೆ.

"ಓವರ್‌ಹೆಡ್ ಅಟ್ ಫೋರ್ ಟೂ" ಎಂಬ ಸಮಯವೂ (ಗಂಟೆಯ 42ನೇ ನಿಮಿಷ) ಮುಖ್ಯ. ಹತ್ತು ಮೈಲಿ ಎಂದರೆ 90 ನಾಟ್ (ಗಂಟೆಗೆ 90 ನಾಟಿಕಲ್ ಮೈಲಿ) ವೇಗದ ಸೆಸ್ನಾಕ್ಕೆ 6 ನಿಮಿಷ 40 ಸೆಕೆಂಡ್, 150 ನಾಟ್ ವೇಗದ ಬಿಸಿನೆಸ್ ಜೆಟ್ಟಿಗೆ 4 ನಿಮಿಷ. ಸರ್ಕ್ಯೂಟಿನಲ್ಲಿರುವ ವಿದ್ಯಾರ್ಥಿಗೆ ನಿಮ್ಮ ವೇಗ ಗೊತ್ತಿಲ್ಲ. ಗಡಿಯಾರ ಎಲ್ಲರಿಗೂ ಒಂದೇ.

ಗುಂಡಿ ಒತ್ತುವ ಕ್ರಮ: ಫ್ರೀಕ್ವೆನ್ಸಿ ಹಾಕಿದ ಕೂಡಲೇ ಮಾತಾಡಬೇಡಿ, ಎರಡು ಮೂರು ಸೆಕೆಂಡ್ ಕೇಳಿ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಿ. ಮೈಕ್ ತುಟಿಗೆ ತಾಗುವಷ್ಟು ಹತ್ತಿರ. ಗುಂಡಿ ಪೂರ್ತಿ ಒತ್ತಿ, ಅರೆಕ್ಷಣ ಬಿಟ್ಟು, ಆಮೇಲೆ ಮಾತು. ವಿಮಾನದ ರೇಡಿಯೋ ಎಎಂ ತರಂಗದಲ್ಲಿ ನಡೆಯುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುಗರಿಗೆ ಕೀರಲು ಸಿಳ್ಳೆ ಬರುತ್ತದೆ, ಒತ್ತಿದ ಇಬ್ಬರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಸಿಳ್ಳೆ ಕೇಳಿದ ಮೂರನೆಯವರು "ಟೂ ಸ್ಟೇಷನ್ಸ್ ಟ್ರಾನ್ಸ್‌ಮಿಟಿಂಗ್" ಎಂದು ಹೇಳಿಬಿಡಬೇಕು. ಅದು ಯಾರಿಗೂ ಅವಮಾನವಲ್ಲ.

ನಮ್ಮ ನಾಲಿಗೆಯದೂ ಒಂದು ಮಾತು. ಕನ್ನಡದವರು ಪದದ ಕೊನೆಗೆ ಉಕಾರ ಸೇರಿಸುತ್ತೇವೆ, "ಎ" ಮುಂದೆ ಯಕಾರ ತರುತ್ತೇವೆ; "ಲೆಫ್ಟು ಬೇಸು", "ಯೆಯ್ಟು". ಗದ್ದಲದ ರೇಡಿಯೋದಲ್ಲಿ ಈ ಹೆಚ್ಚಿನ ಸ್ವರ ಅಂಕಿಗಳನ್ನು ಕಲಸಿಬಿಡುತ್ತದೆ. ಟ್ರೀ, ಫೋವರ್, ಫೈಫ್, ನೈನರ್ ಎಂಬ ಉಚ್ಚಾರಣೆಗಳನ್ನು ನಾಚದೆ ಬಳಸಿ, ಅವು ಹುಟ್ಟಿದ್ದೇ ಇಂಥ ಗದ್ದಲಕ್ಕಾಗಿ. ಸರ್ಕ್ಯೂಟಿನಲ್ಲಿ ಇನ್ನೊಬ್ಬ ಕನ್ನಡದ ಗೆಳೆಯನಿದ್ದಾನೆಂದು ಫ್ರೀಕ್ವೆನ್ಸಿಯಲ್ಲಿ ಕನ್ನಡಕ್ಕೆ ಇಳಿಯಬೇಡಿ, ಮರಾಠಿ, ಹಿಂದಿಗೂ ಅದೇ ಮಾತು. ನಿಮ್ಮಿಬ್ಬರಿಗೆ ಅರ್ಥವಾದ ಮಾತಿನಿಂದ ಮೂರನೆಯವನ ಮನಸ್ಸಿನ ಚಿತ್ರದಲ್ಲಿ ಎರಡು ವಿಮಾನ ಮಾಯವಾಗುತ್ತವೆ.

ಬಿಟ್ಟುಬಿಡಬೇಕಾದ ಮಾತುಗಳು: "ಎನಿ ಟ್ರಾಫಿಕ್ ಪ್ಲೀಸ್ ಅಡ್ವೈಸ್" ಎಂದರೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತುತ್ತಾರೆ, ಮೊದಲೇ ಕಿವಿಗೊಟ್ಟಿದ್ದರೆ ಕೇಳಬೇಕಾಗಿಯೇ ಇರಲಿಲ್ಲ. ಉಪಕರಣ ನೋಡಿ ಇಳಿಯುವ ಇನ್‌ಸ್ಟ್ರುಮೆಂಟ್ ಅಪ್ರೋಚಿನ ಪಾಯಿಂಟುಗಳ ಹೆಸರು ಹೇಳಿದರೆ ಹತ್ತು ಗಂಟೆಯಷ್ಟೇ ಹಾರಿದ ವಿದ್ಯಾರ್ಥಿಗೆ ಏನೂ ಹೊಳೆಯುವುದಿಲ್ಲ. ದಿಕ್ಕು, ಮೈಲಿ, ಎತ್ತರ ಹೇಳಿ. "ಕ್ಲಿಯರ್ಡ್" (ಅನುಮತಿ ಇದೆ) ಎಂಬ ಪದವಂತೂ ಬೇಡವೇ ಬೇಡ. ಹೊರಡುವಾಗ "ಲೈನಿಂಗ್ ಅಪ್ ರನ್‌ವೇ ಟೂ ನೈನರ್, ಡಿಪಾರ್ಟಿಂಗ್ ಟು ದ ವೆಸ್ಟ್" ಸಾಕು.

ರನ್‌ವೇ ಸಂಖ್ಯೆ ನುಂಗಿದರೆ

ಬಾರಾಮತಿಯ ರನ್‌ವೇಯ ಎರಡು ತುದಿ 11 ಮತ್ತು 29, ಅಂದರೆ ಸುಮಾರು 110 ಮತ್ತು 290 ಡಿಗ್ರಿ ದಿಕ್ಕು. ಎಡ ಸರ್ಕ್ಯೂಟಿನಲ್ಲಿ 29ರ ಡೌನ್‌ವಿಂಡ್ ಮೈದಾನದ ದಕ್ಷಿಣಕ್ಕೆ ಬರುತ್ತದೆ, 11ರ ಡೌನ್‌ವಿಂಡ್ ಉತ್ತರಕ್ಕೆ. ಬರೀ "ಡೌನ್‌ವಿಂಡ್" ಎಂದರೆ ಕೇಳಿದವರು ಆಕಾಶದ ತಪ್ಪು ಅರ್ಧವನ್ನು ಹುಡುಕುತ್ತ ಕೂರಬಹುದು. ಅದಕ್ಕಿಂತ ಕೆಟ್ಟದ್ದು, ಗಾಳಿ ಸತ್ತ ಬೆಳಗಿನಲ್ಲಿ ಒಬ್ಬ 11ಕ್ಕೆ, ಇನ್ನೊಬ್ಬ 29ಕ್ಕೆ ಫೈನಲ್ ಹಿಡಿದರೆ ಇಬ್ಬರೂ ಒಂದೇ ಗೆರೆಯ ಮೇಲೆ ಎದುರುಬದುರು. ಪ್ರತಿ ಕಾಲ್‌ನಲ್ಲೂ ರನ್‌ವೇ ಸಂಖ್ಯೆ ಬೇಕು. ಗಾಳಿ ಇಲ್ಲದಿದ್ದರೆ, ಈಗಾಗಲೇ ಸರ್ಕ್ಯೂಟಿನಲ್ಲಿರುವವರು ಬಳಸುತ್ತಿರುವ ರನ್‌ವೇಯೇ ನಿಮ್ಮದು.

ಗಾಳಿಯನ್ನು ಯಾರೋ ಹೇಳಿದರೂ ವಿಂಡ್‌ಸಾಕ್, ಅಂದರೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ನೋಡಿ. 300 ಮೀಟರ್ ಎತ್ತರದಿಂದ ಕಣ್ಣಿಗೆ ತಿಳಿಯುವಂತೆ ಅದನ್ನು ಮಾಡಿರುತ್ತಾರೆ. ಉದ್ದ ಕನಿಷ್ಠ 3.6 ಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ಅಳತೆ. ಸಾಕಿನ ಸಣ್ಣ ತುದಿ ತೋರಿಸುವುದು ಗಾಳಿ ಹೋಗುವ ಕಡೆ. ನೀವು ಇಳಿಯುವುದು ಅದಕ್ಕೆ ಎದುರಾಗಿ, ದೊಡ್ಡ ಬಾಯಿಯ ಕಡೆ ಮುಖ ಮಾಡಿ.

ಸೇರುವುದು, ಸುತ್ತುವುದು

ಶಾಲೆಯ ಎಸ್‌ಒಪಿಯಲ್ಲಿ (ಬರೆದಿಟ್ಟ ಕಾರ್ಯವಿಧಾನ) ಬೇರೆ ವಿಧಾನವಿದ್ದರೆ ಅದೇ ನಡೆಯಬೇಕು. ಇಲ್ಲದಿದ್ದರೆ ಓವರ್‌ಹೆಡ್ ಜಾಯಿನ್ ಅತಿ ಸುರಕ್ಷಿತ, ಏಕೆಂದರೆ ಇಳಿಯುವ ಮೊದಲು ಇಡೀ ಮೈದಾನ ಕಣ್ಣ ಕೆಳಗಿರುತ್ತದೆ. ಮೈದಾನದಿಂದ 2000 ಅಡಿ ಮೇಲೆ ಬನ್ನಿ. "ಓವರ್‌ಹೆಡ್" ಕಾಲ್ ಕೊಡಿ. ವಿಂಡ್‌ಸಾಕ್, ರನ್‌ವೇ ಮೇಲಿನ ವಿಮಾನ, ನಾಯಿ, ದನ, ಅಡ್ಡ ದಾಟುವ ಮನುಷ್ಯರು ಎಲ್ಲವನ್ನೂ ನೋಡಿ. ಸರ್ಕ್ಯೂಟ್ ಯಾವ ಕಡೆಗೋ ಅದೇ ಕಡೆಗೆ ತಿರುಗುತ್ತ, ಸರ್ಕ್ಯೂಟ್ ಇಲ್ಲದ ಬದಿಯಲ್ಲಿ, ಅಂದರೆ ಡೆಡ್ ಸೈಡಿನಲ್ಲಿ, 1000 ಅಡಿಗೆ ಇಳಿಯಿರಿ. ಆ ಎತ್ತರದಲ್ಲಿ ರನ್‌ವೇಯ ಹೊರಡುವ ತುದಿಯ (ಟೇಕಾಫ್ ಓಟ ಮುಗಿಯುವ ಕಡೆ) ಮೇಲೆ ಅಡ್ಡ ಹಾದು ಡೌನ್‌ವಿಂಡ್ ಸೇರಿ. ಆ ತುದಿಯೇ ಏಕೆಂದರೆ, ಟೇಕಾಫ್ ಆಗುವ ಲಘು ವಿಮಾನ ರನ್‌ವೇ ಮುಗಿಯುವಷ್ಟರಲ್ಲಿ 1000 ಅಡಿ ಮುಟ್ಟಿರುವುದಿಲ್ಲ, ನಿಮ್ಮ ಕೆಳಗೆ ಹಾದುಹೋಗುತ್ತದೆ. ಸರ್ಕ್ಯೂಟ್ ಇರುವ ಬದಿಯಲ್ಲಿ ಮೇಲಿನಿಂದ ಇಳಿಯಬೇಡಿ. ನಿಮ್ಮ ಹೊಟ್ಟೆಯ ಕೆಳಗೆ ಯಾರಿದ್ದಾರೆಂದು ನಿಮಗೂ ಕಾಣದು, ಛಾವಣಿಯ ಮೇಲೆ ಯಾರು ಬರುತ್ತಿದ್ದಾರೆಂದು ಅವರಿಗೂ ಕಾಣದು.

ಡೌನ್‌ವಿಂಡ್ ಕಾಲ್ ರನ್‌ವೇಯ ಹೊರಡುವ ತುದಿ ರೆಕ್ಕೆಯ ನೇರಕ್ಕೆ ಬಂದಾಗ. ಬೇರೆಯವರ ಮಾತಿನಿಂದ ತಡವಾದರೆ "ಲೇಟ್ ಡೌನ್‌ವಿಂಡ್" ಎನ್ನಿ. ಹಳೆಯ ಜಾಗ ಹೇಳಿದರೆ ಕೇಳಿದವರ ಕಣ್ಣು ಅರ್ಧ ಮೈಲಿ ಹಿಂದೆ ಹುಡುಕುತ್ತದೆ. ಬೇಸ್ ಕಾಲ್ ಅನ್ನು ತಿರುಗುತ್ತಿರುವಾಗಲೇ ಕೊಡಿ. ವಾಲಿದ ವಿಮಾನದ ರೆಕ್ಕೆ ಪೂರ್ತಿ ಅಗಲ ತೋರಿಸುತ್ತದೆ, ಕಂಡುಹಿಡಿಯಲು ಅದೇ ಸುಲಭದ ಗಳಿಗೆ. "ಫೈನಲ್" ಎಂಬ ಮಾತು 4 ಮೈಲಿಯ ಒಳಗೆ, ಅದಕ್ಕಿಂತ ದೂರವಿದ್ದರೆ "ಲಾಂಗ್ ಫೈನಲ್". ಎಷ್ಟನೆಯವರು ಎಂದು ಗೊತ್ತಿದ್ದರೆ "ನಂಬರ್ ಟೂ, ಟ್ರಾಫಿಕ್ ಇನ್ ಸೈಟ್" ಸೇರಿಸಿ. ಮುಂದಿನ ವಿಮಾನವನ್ನು ಕಣ್ಣಾರೆ ಕಾಣದೆ ಹಾಗೆ ಹೇಳಬಾರದು.

ನೇರವಾಗಿ ಬರುವ ಜೆಟ್ಟುಗಳ ವಿಷಯದಲ್ಲಿ ಲೆಕ್ಕ ಹಾಕಿ. 5 ಮೈಲಿ ಫೈನಲ್‌ನಲ್ಲಿ 130 ನಾಟ್ ವೇಗದವರು 2 ನಿಮಿಷ 18 ಸೆಕೆಂಡಿನಲ್ಲಿ ರನ್‌ವೇ ಮೇಲಿರುತ್ತಾರೆ. ನೀವು ಬೇಸ್ ತಿರುಗಿ, ಇಳಿದು, ರನ್‌ವೇ ಬಿಡಲು ಅದಕ್ಕಿಂತ ಹೆಚ್ಚು ಬೇಕಾಗಬಹುದು. ಕೆಳಗಿರುವ ವಿಮಾನಕ್ಕೆ ಮೊದಲ ಹಕ್ಕು ಎಂಬುದು ನಿಯಮ. ಆ ಹಕ್ಕನ್ನು ಬಳಸಿ ಇನ್ನೊಬ್ಬರ ಮುಂದೆ ನುಗ್ಗಬಾರದು ಎಂಬುದೂ ಅದೇ ನಿಯಮದ ಇನ್ನರ್ಧ. ಅನುಮಾನವಿದ್ದರೆ ಡೌನ್‌ವಿಂಡ್ ಮುಂದುವರಿಸಿ, ಹಾಗೆಂದು ಹೇಳಿ. ದೊಡ್ಡ ವಿಮಾನ ಇಳಿದಿದ್ದರೆ ಅದರ ಸುಳಿಗಾಳಿಗೂ ಸಮಯ ಕೊಡಬೇಕು: 7000 ಕಿಲೋ ಮೀರಿದ ಮಧ್ಯಮ ವರ್ಗದ ಹಿಂದೆ ಇಳಿಯಲು 3 ನಿಮಿಷ, ಅದೇ ಜಾಗದಿಂದ ಹೊರಡಲು 2 ನಿಮಿಷ.

ಒಂದು ಮಾತು ಕತ್ತರಿಸಿ ಹೋದಾಗ

1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ ಆದದ್ದನ್ನು ಪ್ರತಿ ವಿದ್ಯಾರ್ಥಿ ತಿಳಿದಿರಬೇಕು. ಅಲ್ಲಿಯೂ ಟವರ್ ಇರಲಿಲ್ಲ. ಹನ್ನೆರಡು ಜನರಿದ್ದ ಬೀಚ್ 1900 ವಿಮಾನ ರನ್‌ವೇ 13ಕ್ಕೆ ಇಳಿಯುತ್ತಿತ್ತು. ಅದನ್ನು ಅಡ್ಡ ಕತ್ತರಿಸುವ ರನ್‌ವೇ 04ರ ಮೇಲೆ ಒಂದು ಕಿಂಗ್ ಏರ್ ವಿಮಾನ ನಿಂತಿತ್ತು, ಅದರ ಹಿಂದೆ ಒಂದು ಸಣ್ಣ ಚೆರೋಕಿ ವಿಮಾನ. ಇಳಿಯುವವರು ಕಿಂಗ್ ಏರ್ ನಿಲ್ಲುತ್ತದೆಯೇ ಎಂದು ರೇಡಿಯೋದಲ್ಲಿ ಕೇಳಿದರು. ಕಿಂಗ್ ಏರ್‌ನಿಂದ ಉತ್ತರ ಬರಲಿಲ್ಲ. ಉತ್ತರಿಸಿದವನು ಹಿಂದಿದ್ದ ಚೆರೋಕಿಯ ಪೈಲಟ್, ತಾನು ನಿಂತಿದ್ದೇನೆ ಎಂದು. ಅವನ ಮಾತಿನ ಒಂದು ಭಾಗ ಬೀಚ್‌ನ ಕಾಕ್‌ಪಿಟ್ಟಿನ ಎಚ್ಚರಿಕೆ ದನಿಯಲ್ಲಿ ಮುಳುಗಿತು. ಕಿಂಗ್ ಏರ್ ನಿಂತಿದೆ ಎಂದೇ ಅವರು ತಿಳಿದರು. ಅದು ಓಡಲು ಶುರುಮಾಡಿತ್ತು. ಎರಡೂ ವಿಮಾನಗಳ 14 ಜನರೂ ತೀರಿಕೊಂಡರು.

ಕಿಂಗ್ ಏರ್‌ನವರು ಫ್ರೀಕ್ವೆನ್ಸಿಗೆ ಸರಿಯಾಗಿ ಕಿವಿಗೊಡಲಿಲ್ಲ, ಕಣ್ಣಿನಿಂದಲೂ ಹುಡುಕಲಿಲ್ಲ ಎಂಬುದು ತನಿಖೆಯ ತೀರ್ಮಾನ. ನಮ್ಮ ಅಭ್ಯಾಸಕ್ಕೆ ಇದರಿಂದ ಎರಡು ಸಂಗತಿ. ನಿಮ್ಮನ್ನು ಕೇಳದ ಪ್ರಶ್ನೆಗೆ ಉತ್ತರಿಸಬೇಡಿ. ಹೇಳಲೇಬೇಕಾದರೆ ಪೂರ್ತಿ ಕಾಲ್‌ಸೈನ್, ವಿಮಾನದ ಬಗೆ, ಜಾಗ ಹೇಳಿ. ಉತ್ತರ ಯಾರಿಂದ ಬಂತು ಎಂಬುದು ಖಚಿತವಾಗದಿದ್ದರೆ ಅದನ್ನು ಉತ್ತರವೆಂದು ಎಣಿಸದೆ ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದು ಬಿಟ್ಟು ಮತ್ತೆ ಏರಿ. ಗೋ ಅರೌಂಡ್‌ನಲ್ಲಿ ರನ್‌ವೇ ಮೇಲೆ ವಿಮಾನವಿದ್ದರೆ ಡೆಡ್ ಸೈಡಿನ ಕಡೆ ಸ್ವಲ್ಪ ಸರಿದು ಏರಿ. ಎಡ ಸರ್ಕ್ಯೂಟಿನಲ್ಲಿ ಅದು ಬಲಕ್ಕೆ, ಆಗ ಎಡ ಸೀಟಿನಿಂದ ಕೆಳಗಿನ ವಿಮಾನ ಕಾಣುತ್ತಿರುತ್ತದೆ.

ಕಣ್ಣು

ಎದುರಿನ ವಿಮಾನವನ್ನು ಕಂಡು, ಗುರುತಿಸಿ, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿತು, ನಿರ್ಧರಿಸಿ, ಕೈ ಆಡಿಸಿ, ವಿಮಾನ ಸರಿಯುವಷ್ಟರಲ್ಲಿ 12.5 ಸೆಕೆಂಡ್ ಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಲೆಕ್ಕ ಹಾಕಿದೆ. ತಲಾ 90 ನಾಟ್‌ನ ಎರಡು ಸೆಸ್ನಾ ಎದುರುಬದುರಾದರೆ ಅಷ್ಟರಲ್ಲಿ 1150 ಮೀಟರಿಗೂ ಹೆಚ್ಚು ಅಂತರ ಕರಗಿರುತ್ತದೆ. ಅದಕ್ಕಾಗಿ ಸುಮ್ಮನೆ ಹೊರಗೆ ನೋಡಿದರೆ ಸಾಲದು. ಆಕಾಶವನ್ನು ಸುಮಾರು 10 ಡಿಗ್ರಿಯ ಹೋಳುಗಳಾಗಿ ಮಾಡಿ, ಪ್ರತಿ ಹೋಳಿನಲ್ಲಿ ಕಣ್ಣನ್ನು ಕನಿಷ್ಠ ಒಂದು ಸೆಕೆಂಡ್ ನಿಲ್ಲಿಸಿ. ಕಣ್ಣು ಜಾರುತ್ತಿರುವಾಗ ಸಣ್ಣ ಚುಕ್ಕೆ ಹಿಡಿಯುವುದಿಲ್ಲ. ಗಾಜಿನ ಮೇಲೆ ಚಲಿಸುವ ವಿಮಾನಕ್ಕಿಂತ, ಗಾಜಿನ ಒಂದೇ ಜಾಗದಲ್ಲಿ ಅಂಟಿಕೊಂಡಂತೆ ನಿಂತು ದೊಡ್ಡದಾಗುತ್ತಿರುವುದಕ್ಕೆ ಹೆದರಿ. ಡಿಕ್ಕಿಯ ದಾರಿಯಲ್ಲಿರುವುದು ಅದೇ. ಗಾಜಿನ ಮೇಲಿನ ಸತ್ತ ನೊಣದಂತೆ ಕಾಣುತ್ತದೆ, ಅದಕ್ಕೇ ಗಾಜನ್ನು ಹಾರುವ ಮೊದಲು ಒರೆಸಿಡಬೇಕು.

ಸೆಸ್ನಾದ ರೆಕ್ಕೆ ಮೇಲಿರುವುದರಿಂದ ತಿರುಗುವ ಬದಿಯನ್ನೇ ಮುಚ್ಚುತ್ತದೆ. ಬೇಸಿಗೆ ತಿರುಗುವ ಮುನ್ನ ಎಡ ರೆಕ್ಕೆಯನ್ನು ಕ್ಷಣ ಎತ್ತಿ ಫೈನಲ್‌ನ ದಾರಿ ನೋಡಿ, ಆಮೇಲೆ ತಿರುಗಿ. ಪೈಪರ್‌ನಂಥ ಕೆಳರೆಕ್ಕೆಯ ವಿಮಾನ ಮೇಲೆ, ಸೆಸ್ನಾ ಕೆಳಗೆ ಒಂದೇ ಫೈನಲ್‌ನಲ್ಲಿದ್ದರೆ ಇಬ್ಬರಿಗೂ ಇನ್ನೊಬ್ಬರು ಕಾಣುವುದಿಲ್ಲ. ಆಗ ಕಾಪಾಡುವುದು ಇಬ್ಬರೂ ಕೊಟ್ಟ ಫೈನಲ್ ಕಾಲ್ ಮಾತ್ರ.

ಕಬ್ಬಿನ ಸೀಮೆಯಾದ್ದರಿಂದ ಕಟಾವಿನ ಕಾಲದಲ್ಲಿ ರವದಿ ಸುಟ್ಟ ಹೊಗೆ ಬೆಳಗಿನ ಹೊತ್ತು ತಗ್ಗಿನಲ್ಲಿ ಹಾಸಿಕೊಂಡಿರುತ್ತದೆ. ನೇರ ಕೆಳಗೆ ನೋಡಿದರೆ ರನ್‌ವೇ ಸ್ವಚ್ಛ, ಫೈನಲ್‌ಗೆ ಬಂದು ಓರೆಯಾಗಿ ನೋಡಿದರೆ ಮಾಯ. ಸೂರ್ಯನ ಕಡೆ ಮುಖ ಮಾಡಿದಾಗಂತೂ ಎದುರಿನ ವಿಮಾನ ಕಾಣುವ ಆಸೆ ಬಿಡಿ. ಉಳುಮೆ ನಡೆದ ಹೊಲದ ಮೇಲೆ ಬೆಳ್ಳಕ್ಕಿ, ಬಿಸಿಲೇರಿದ ಮೇಲೆ ಹದ್ದು. ಪುಣೆಯ ಹಡಪ್ಸರದಂಥ ಗ್ಲೈಡರ್ ಮೈದಾನಗಳಲ್ಲಿ ಎಂಜಿನ್ ಇಲ್ಲದ ಗ್ಲೈಡರುಗಳನ್ನು ನೆಲದ ಮೇಲಿನ ವಿಂಚ್ ಯಂತ್ರ ಹಗ್ಗದಿಂದ ಎಳೆದು ಏರಿಸುತ್ತದೆ. ಅಂಥ ಮೈದಾನದ ಮೇಲೆ ತಗ್ಗಿನಲ್ಲಿ ಹಾಯಬೇಡಿ, ಎಳೆಯುವ ಹಗ್ಗ ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಇರುವವರು ಗ್ಲೈಡರಿಗೆ ದಾರಿ ಬಿಡಬೇಕು. ಎದುರುಬದುರಾದರೆ ಇಬ್ಬರೂ ಬಲಕ್ಕೆ, ಅಡ್ಡ ಬಂದರೆ ನಿಮ್ಮ ಬಲಗಡೆ ಇರುವವರಿಗೆ ಮೊದಲ ದಾರಿ, ಹಿಂದೆ ಹಾಕುವುದಾದರೆ ಬಲದಿಂದ.

ರೇಡಿಯೋ ಕೈಕೊಟ್ಟರೆ

ಸರ್ಕ್ಯೂಟಿನಲ್ಲಿ ಜನರಿದ್ದೂ ಹತ್ತು ನಿಮಿಷ ಯಾರ ಸದ್ದೂ ಇಲ್ಲದಿದ್ದರೆ ಅನುಮಾನಿಸಿ. ಮೊದಲು ನಿಮ್ಮದೇ ಗುಂಡಿ ಸಿಕ್ಕಿಕೊಂಡಿದೆಯೇ ನೋಡಿ: ರೇಡಿಯೋ ಮುಖದ ಮೇಲೆ ಟ್ರಾನ್ಸ್‌ಮಿಟ್ ಗುರುತು ಉರಿಯುತ್ತಲೇ ಇದ್ದರೆ ಇಡೀ ಮೈದಾನದ ಬಾಯಿ ಕಟ್ಟಿದವರು ನೀವೇ. ಮೈಕಿನ ಪ್ಲಗ್ ಕಿತ್ತುಬಿಡಿ. ಅದಲ್ಲದಿದ್ದರೆ ಫ್ರೀಕ್ವೆನ್ಸಿ, ವಾಲ್ಯೂಮ್, ಆಡಿಯೋ ಪ್ಯಾನೆಲ್, ಪ್ಲಗ್, ಸರ್ಕ್ಯೂಟ್ ಬ್ರೇಕರ್, ಆಲ್ಟರ್ನೇಟರ್ ಸ್ವಿಚ್, ಈ ಕ್ರಮದಲ್ಲಿ. ಹಾರ್ಡ್‌ವೇರ್ ಸತ್ತಿದ್ದರೆ ಟ್ರಾನ್ಸ್‌ಪಾಂಡರಿನಲ್ಲಿ ರೇಡಿಯೋ ಕೆಟ್ಟಿದೆ ಎಂಬ ಸಂಕೇತ 7600. ದೀಪಗಳೆಲ್ಲ ಹಾಕಿ. ಕಾಲ್‌ಗಳನ್ನು ಕೊಡುತ್ತಲೇ ಇರಿ, ಕಿವಿ ಸತ್ತಿದ್ದರೂ ಬಾಯಿ ಬದುಕಿರಬಹುದು. ಓವರ್‌ಹೆಡ್‌ನಿಂದ ನಿಧಾನ ನೋಡಿ, ಸಾಲಿನ ಕೊನೆಯವರಾಗಿ ಇಳಿಯಿರಿ. ನೆಲದಲ್ಲಿ ಹಸಿರು, ಕೆಂಪು ದೀಪ ತೋರಿಸುವ ಟವರ್ ಇಲ್ಲ. ರೇಡಿಯೋ ಇಲ್ಲದ ಇನ್ನೊಬ್ಬರು ಇದೇ ಸ್ಥಿತಿಯಲ್ಲಿ ಬರುತ್ತಿರಬಹುದು, ಆದ್ದರಿಂದ ರೇಡಿಯೋ ಸದ್ದಿಲ್ಲದ ಫೈನಲ್ ಎಂದರೆ ಖಾಲಿ ಫೈನಲ್ ಎಂದುಕೊಳ್ಳಬೇಡಿ. ಹೊರಡಲು ರನ್‌ವೇ ಮೇಲೆ ಲೈನ್ ಅಪ್ ಆಗುವ ಮುನ್ನ ವಿಮಾನವನ್ನು ಓರೆಯಾಗಿ ನಿಲ್ಲಿಸಿ ಎರಡೂ ಕಡೆಯ ಫೈನಲ್ ನೋಡಿ.

ಅಭ್ಯಾಸಕ್ಕೆ ವಿಮಾನ ಬೇಕಿಲ್ಲ. ಪುಣೆಯ ಬಾಡಿಗೆ ಮನೆಯ ತಾರಸಿಯಲ್ಲಿ ಸೀಮೆಸುಣ್ಣದಿಂದ ರನ್‌ವೇ ಬರೆದು ಎರಡು ತುದಿಗೆ 11, 29 ಹಾಕಿ. ಮೂರು ಜನ ಸರ್ಕ್ಯೂಟ್ ನಡೆಯಲಿ, ಒಬ್ಬ ನೇರ ಫೈನಲ್‌ಗೆ ಬರಲಿ, ಒಬ್ಬ ಕಣ್ಣು ಮುಚ್ಚಿ ಮಧ್ಯೆ ಕುಳಿತು ಬರೀ ಕಾಲ್ ಕೇಳಿ ಪ್ರತಿಯೊಬ್ಬರನ್ನೂ ಬೆರಳಿನಿಂದ ತೋರಿಸಲಿ. ಬೆರಳು ತಪ್ಪಿದ ಕಡೆ ಯಾರ ಕಾಲ್ ಅರೆಬರೆ ಇತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇಳಿದ ಮೇಲೆ

ವಿಮಾನದ ಬಾಲ ರನ್‌ವೇ ಹೊರಗಿನ ಹೋಲ್ಡಿಂಗ್ ಗೆರೆ ಪೂರ್ತಿ ದಾಟಿದ ಮೇಲಷ್ಟೇ "ರನ್‌ವೇ ಟೂ ನೈನರ್ ವೇಕೇಟೆಡ್". ಮೂಗು ದಾಟಿದ ಕೂಡಲೇ ಹೇಳಿದರೆ ಹಿಂದಿನವನು ನಿಮ್ಮ ಬಾಲದ ಕಡೆಗೇ ಇಳಿಯುತ್ತಾನೆ. ಬ್ಯಾಕ್‌ಟ್ರ್ಯಾಕ್ (ರನ್‌ವೇ ಮೇಲೆಯೇ ತಿರುಗಿ ಹಿಂದೆ ಬರುವುದು) ಬೇಕಿದ್ದರೆ ಮೊದಲೇ ಫೈನಲ್ ಕಾಲ್‌ನಲ್ಲಿ ಹೇಳಿಡಿ. ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ, ಏವಿಯಾನಿಕ್ಸ್ ಆರಿಸುವ ಮುನ್ನ, ತುರ್ತು ಫ್ರೀಕ್ವೆನ್ಸಿ 121.5 ಹಾಕಿ ಸ್ವಲ್ಪ ಕೇಳಿ. ಬಿರುಸಾಗಿ ನೆಲ ತಾಕಿದ್ದರೆ ಅಪಘಾತದ ಸಂಕೇತ ಕಳಿಸುವ ಇಎಲ್‌ಟಿ ತಾನೇ ಚಾಲೂ ಆಗಿರಬಹುದು, ಏರಿ ಇಳಿಯುವ ಸೈರನ್‌ನಂಥ ಸದ್ದು ಕೇಳುತ್ತದೆ. ಕೇಳಿದರೆ ಪ್ಯಾನೆಲ್ಲಿನಲ್ಲಿ ಅದನ್ನು ಆರಿಸಿ, ಕೂಡಲೇ ಇನ್‌ಸ್ಟ್ರಕ್ಟರಿಗೆ ತಿಳಿಸಿ. ಆಮೇಲೆ ರೇಡಿಯೋ, ಇಂಧನದ ಮಿಕ್ಸ್‌ಚರ್, ಕಿಡಿಯ ಮ್ಯಾಗ್ನೆಟೋ, ವಿದ್ಯುತ್ತಿನ ಮಾಸ್ಟರ್, ಈ ಕ್ರಮದಲ್ಲಿ ಆರಿಸಿ.